ವ್ಯಾಟು ಎಷ್ಟಿದ್ದರೇನು, ಸಾಲಾವಳಿ ಕೂಡಬೇಡವೇ?

ಮನೆಗೆ ಹಾಡು ಕೇಳುವ ಸಾಧನ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಇದು ಎಷ್ಟು ವ್ಯಾಟ್?’ ಅಂಗಡಿಯವರಿಗೂ ಈ ಪ್ರಶ್ನೆ ಬರುವುದು ಗೊತ್ತು. ಉತ್ತರ ದೊಡ್ಡದಾದಷ್ಟೂ ವ್ಯಾಪಾರ ಕುದುರುತ್ತದೆ ಎಂಬುದೂ ಗೊತ್ತು. ಕ್ಯಾಸೆಟ್ಟುಗಳ ಕಾಲದಲ್ಲಂತೂ ಒಂದೇ ಕೈಯಲ್ಲಿ ಎತ್ತಬಹುದಾದ ಸ್ಟೀರಿಯೊಗಳ ರಟ್ಟಿನ ಪೆಟ್ಟಿಗೆಯ ಮೇಲೆ ‘1000 ವ್ಯಾಟ್ ಪಿ.ಎಂ.ಪಿ.ಒ.’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಅದೇ ಯಂತ್ರವನ್ನು ತಿರುಗಿಸಿ ಬೆನ್ನಿನ ಮೇಲಿನ ಚೀಟಿ ಓದಿದರೆ, ಅದು ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವ ವಿದ್ಯುತ್ತು ಕೆಲವು ಹತ್ತು ವ್ಯಾಟ್ ಮಾತ್ರ! ಒಳಗೆ ಹೋದದ್ದಕ್ಕಿಂತ ಹೆಚ್ಚು ಶಕ್ತಿ ನಿರಂತರವಾಗಿ ಹೊರಗೆ ಬರಲಾರದು ಎಂದು ಹೈಸ್ಕೂಲಿನ ವಿಜ್ಞಾನ ಪುಸ್ತಕವೇ ಹೇಳುತ್ತದೆ. ಆ ಪಾಠವನ್ನು ಕಂಠಪಾಠ ಮಾಡಿ ಅಂಕ ತೆಗೆದ ಮಗನೂ, ಅಂಕ ನೋಡಿ ಸಂತೋಷಪಟ್ಟ ಅಪ್ಪನೂ ಅಂಗಡಿಯಲ್ಲಿ ಮಾತ್ರ ಅದನ್ನು ಮರೆತುಬಿಡುತ್ತಿದ್ದರು.

ಪೆಟ್ಟಿಗೆಯ ಮೇಲಿನ ಬರಹ ಇಂದು ಬದಲಾಗಿದೆ. ವ್ಯಾಟಿನ ಮೋಹ ಬದಲಾಗಿಲ್ಲ. ವ್ಯಾಟ್ ಎಂಬುದು ಆಂಪ್ಲಿಫೈಯರಿನ ಜಾತಕವಷ್ಟೇ. ಸ್ಪೀಕರಿಗೂ ಒಂದು ಜಾತಕವಿದೆ. ಎರಡನ್ನೂ ಮುಂದಿಟ್ಟುಕೊಂಡು ಸಾಲಾವಳಿ ನೋಡದೆ ಮದುವೆ ಮಾಡಿದರೆ 100 ವ್ಯಾಟಿನ ಆಂಪ್ಲಿಫೈಯರೂ ಕರ್ಕಶವಾಗಬಹುದು. ಸರಿಯಾಗಿ ಕೂಡಿಬಂದರೆ 2 ವ್ಯಾಟಿನ ಆಂಪ್ಲಿಫೈಯರ್ ಕೋಣೆ ತುಂಬ ಹಾಡಬಹುದು. ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಹೆಚ್ಚು ದಕ್ಷತೆಯ ಒಂಟಿ ಕೋನಿನ ಸ್ಪೀಕರ್. ಪೆಟ್ಟಿಗೆಯಲ್ಲಿ ದೊಡ್ಡದು, ಚಿಕ್ಕದು ಎಂದು ಎರಡು ಮೂರು ಕೋನುಗಳಿರದೆ, ಮಂದ್ರದಿಂದ ತಾರದವರೆಗೆ ಎಲ್ಲವನ್ನೂ ಒಂದೇ ಕಾಗದದ ಕೋನ್ ನುಡಿಸುವ ಸ್ಪೀಕರ್ ಇದು.

ಯಾರೂ ಕೇಳದ ಅಂಕಿ

ಸ್ಪೀಕರಿನ ವಿವರಪತ್ರದಲ್ಲಿ ‘ಸೆನ್ಸಿಟಿವಿಟಿ’ ಎಂಬ ಸಾಲಿನ ಮುಂದೆ 84, 89, 96 ಡೆಸಿಬೆಲ್ ಎಂಬಂಥ ಒಂದು ಅಂಕಿ ಇರುತ್ತದೆ. ಸ್ಪೀಕರಿಗೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಸದ್ದು ಕೇಳಿಸುತ್ತದೆ ಎಂಬುದರ ಅಳತೆ ಅದು. ನೋಡಲು 84ಕ್ಕೂ 96ಕ್ಕೂ ಅಂಥ ಅಂತರವಿಲ್ಲ. ಆದರೆ ಡೆಸಿಬೆಲ್ ಲೆಕ್ಕ ಕೂಡುವುದರದಲ್ಲ, ಗುಣಿಸುವುದರದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಶಕ್ತಿ ಎರಡು ಪಟ್ಟಾಗುತ್ತದೆ. ಪ್ರತಿ 10ಕ್ಕೆ ಹತ್ತು ಪಟ್ಟಾಗುತ್ತದೆ. ಹೀಗೆ 84ರಿಂದ 96ಕ್ಕೆ ನಾಲ್ಕು ಮೆಟ್ಟಿಲು. ಎರಡು, ನಾಲ್ಕು, ಎಂಟು, ಹದಿನಾರು. ಒಂದು ಸ್ಪೀಕರ್ 16 ವ್ಯಾಟ್ ನುಂಗಿ ಮಾಡುವ ಸದ್ದನ್ನು ಇನ್ನೊಂದು 1 ವ್ಯಾಟಿನಲ್ಲೇ ಮಾಡುತ್ತದೆ.

ದಕ್ಷತೆಯ ದೃಷ್ಟಿಯಿಂದ ನೋಡಿದರೆ ಇನ್ನೂ ಬೆರಗಾಗುತ್ತದೆ. 92 ಡೆಸಿಬೆಲ್ಲಿನ ಸ್ಪೀಕರ್ ತನಗೆ ಬಂದ ವಿದ್ಯುತ್ತಿನಲ್ಲಿ ಸುಮಾರು ಶೇ 1ನ್ನು ಮಾತ್ರ ಧ್ವನಿಯಾಗಿಸುತ್ತದೆ. ಉಳಿದ ಶೇ 99 ಅದರ ತಾಮ್ರದ ಸುರುಳಿಯನ್ನು ಬಿಸಿ ಮಾಡಲು ಹೋಗುತ್ತದೆ. 82 ಡೆಸಿಬೆಲ್ಲಿನದು ಸಾವಿರದಲ್ಲಿ ಒಂದು ಪಾಲನ್ನಷ್ಟೇ ಧ್ವನಿಯಾಗಿಸುತ್ತದೆ. 102 ಡೆಸಿಬೆಲ್ ಮುಟ್ಟಿದ ಸ್ಪೀಕರಿನ ದಕ್ಷತೆಯೂ ಶೇ 10 ಅಷ್ಟೇ. ಸ್ಪೀಕರ್ ಎಂಬುದು ಮೂಲತಃ ಒಂದು ಪುಟ್ಟ ಕಾಯಿಸುವ ಒಲೆ, ನಡುನಡುವೆ ಹಾಡುತ್ತದೆ.

ಮನೆಯ ಲೆಕ್ಕವನ್ನೇ ಮಾಡಬಹುದು. ಕೇಳುವವರು 2 ಮೀಟರ್ ದೂರ ಕುಳಿತಿದ್ದಾರೆ ಎನ್ನೋಣ. ದೂರ ಎರಡು ಪಟ್ಟಾದ್ದರಿಂದ 6 ಡೆಸಿಬೆಲ್ ಕಳೆಯಬೇಕು. ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇರುವುದರಿಂದ 3 ಕೂಡಿಸಬೇಕು. 96ರ ಸ್ಪೀಕರಿನಲ್ಲಿ ಒಂದೊಂದಕ್ಕೆ 1 ವ್ಯಾಟ್ ಕೊಟ್ಟರೆ ಕಿವಿಗೆ 93 ಡೆಸಿಬೆಲ್ ತಲುಪುತ್ತದೆ. ಆದರೆ ಮನೆಯಲ್ಲಿ ಹಿತವಾಗಿ ಹಾಡು ಕೇಳಲು ಸರಾಸರಿ 75 ಡೆಸಿಬೆಲ್ ಸಾಕು. ಅದಕ್ಕೆ ಬೇಕಾದದ್ದು ಸುಮಾರು 0.016 ವ್ಯಾಟ್! ಮೃದಂಗದ ಒಂದು ಬಿರುಸಾದ ಪೆಟ್ಟು, ಗಾಯಕರ ಒಂದು ಏರುದನಿ ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರಿದರೂ ಅದಕ್ಕೆ ನೂರು ಪಟ್ಟು, ಅಂದರೆ 1.6 ವ್ಯಾಟ್ ಸಾಕು. ಅದೇ ಕೋಣೆಯಲ್ಲಿ ಅದೇ ಪೆಟ್ಟನ್ನು 84ರ ಸ್ಪೀಕರಿನಲ್ಲಿ ಕೇಳಲು 25 ವ್ಯಾಟ್ ಬೇಕು. ಕೋಣೆಯ ಗೋಡೆಗಳಿಂದ ಮರಳಿ ಬರುವ ಧ್ವನಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅದನ್ನೂ ಸೇರಿಸಿದರೆ ಇನ್ನೂ ಕಡಿಮೆ ಸಾಕಾದೀತು. ‘ಎಷ್ಟು ವ್ಯಾಟ್?’ ಎಂಬ ಪ್ರಶ್ನೆಗೆ ‘ಯಾವ ಸ್ಪೀಕರಿಗೆ?’ ಎಂಬ ಮರುಪ್ರಶ್ನೆ ಏಕೆ ಬೇಕು ಎಂಬುದು ಈಗ ತಿಳಿದೀತು.

ವ್ಯಾಟ್ ದುಬಾರಿಯಾಗಿದ್ದ ಕಾಲ

ಇಂದಿನ ಸ್ಪೀಕರಿನ ಮೂಲಪುರುಷ ಹುಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲಿ ಅದರ ವಿವರ ಪ್ರಕಟಿಸಿದರು. ಅಯಸ್ಕಾಂತದ ಸಂದಿಯಲ್ಲಿ ಒಂದು ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೋನ್. ಅದನ್ನು ನುಡಿಸಲು ಅವರು ಮಾಡಿದ ಆಂಪ್ಲಿಫೈಯರಿನ ಶಕ್ತಿ ಸುಮಾರು 1 ವ್ಯಾಟ್. ಅಂದಿನ ಲೆಕ್ಕದಲ್ಲಿ ಅದೇ ದೊಡ್ಡದು. ವಾಲ್ವ್ ಎಂಬ ಗಾಜಿನ ಬುರುಡೆಯಿಂದ ಒಂದೊಂದು ವ್ಯಾಟ್ ಹಿಂಡಿ ತೆಗೆಯುವುದೂ ಖರ್ಚಿನ ಕೆಲಸವಾಗಿತ್ತು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1938ರಲ್ಲಿ ತಂದ 300ಬಿ ಎಂಬ ಹೆಸರುವಾಸಿ ವಾಲ್ವ್ ಒಂಟಿಯಾಗಿ ದುಡಿದರೆ ಕೊಡುವುದು ಸುಮಾರು 8 ವ್ಯಾಟ್. 2ಎ3 ಎಂಬ ಇನ್ನೊಂದು ವಾಲ್ವ್ ಕೊಡುವುದು ಮೂರೂವರೆ ವ್ಯಾಟ್.

ಗಳಿಕೆ ಕಡಿಮೆಯಿರುವ ಮನೆಯಲ್ಲಿ ಗೃಹಿಣಿ ಕಾಸಿಗೆ ಕಾಸು ಲೆಕ್ಕ ಹಾಕುವಂತೆ ಆ ಕಾಲದ ಸ್ಪೀಕರು ವ್ಯಾಟನ್ನು ಪೋಲು ಮಾಡುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಪಾಲ್ ವಾಯ್ಟ್ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಹಗುರವಾದ ಕೋನಿಗೆ ಭಾರಿ ಅಯಸ್ಕಾಂತ ಜೋಡಿಸಿ, ಅದನ್ನು ಕೋಣೆಯ ಮೂಲೆಯಲ್ಲಿ ನಿಲ್ಲುವ ಕಹಳೆಯಾಕಾರದ ಪೆಟ್ಟಿಗೆಯಲ್ಲಿ ಕೂರಿಸಿದ. ತೆಳು ಸ್ವರಗಳಿಗಾಗಿ ದೊಡ್ಡ ಕೋನಿನ ನಡುವೆ ಇನ್ನೊಂದು ಚಿಕ್ಕ ಕೋನನ್ನು ಅಂಟಿಸುವ ಉಪಾಯವೂ ಆತನದೇ. ವಾಯ್ಟ್ 1950ರಲ್ಲಿ ಕೆನಡಾಕ್ಕೆ ಹೋದರೂ, ಡೊನಾಲ್ಡ್ ಚೇವ್ ಎಂಬಾತ ಲೌದರ್ ಎಂಬ ಹೆಸರಿನಲ್ಲಿ ಆ ಪರಂಪರೆಯನ್ನು ಮುಂದುವರಿಸಿದ. ಜಪಾನಿನಲ್ಲಿ ಫಾಸ್ಟರ್ ಕಂಪನಿ 1964ರಲ್ಲಿ ಎಫ್‌ಇ 103 ಎಂಬ 10 ಸೆಂಟಿಮೀಟರಿನ ಒಂಟಿ ಕೋನ್ ತಂದಿತು. ಅದರ ಮರಿಮಕ್ಕಳು ಫಾಸ್ಟೆಕ್ಸ್ ಹೆಸರಿನಲ್ಲಿ ಬಂದವು.

ನಮ್ಮ ಅಜ್ಜಂದಿರ ಮನೆಯ ವಾಲ್ವ್ ರೇಡಿಯೋ ಕೂಡ ಇದೇ ಕುಲಕ್ಕೆ ಸೇರಿದ್ದು. ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಪರದೆ, ಒಳಗೆ ಆರೇಳು ಅಂಗುಲದ ಒಂದೇ ಕಾಗದದ ಕೋನ್. ಅದನ್ನು ನುಡಿಸಲು ಇಎಲ್ 84 ರಂಥ ಒಂದು ವಾಲ್ವ್, ನಾಲ್ಕೈದು ವ್ಯಾಟ್. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇಂಥ ವಾಲ್ವುಗಳನ್ನೂ ಹಲವು ವರ್ಷ ತಯಾರಿಸಿತು. ಅಷ್ಟೇ ವ್ಯಾಟಿನಲ್ಲಿ ಮುಂಜಾನೆಯ ವಾರ್ತೆ ಹಜಾರ ದಾಟಿ ಹಿತ್ತಲಿನ ಬಾವಿಕಟ್ಟೆಯವರೆಗೂ ಕೇಳುತ್ತಿತ್ತು. ಅದು ರೇಡಿಯೋದ ಪವಾಡವಲ್ಲ. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದನ್ನೊಂದು ಅರಿತಿದ್ದವು.

ಈ ನಂಟನ್ನು ಕಡಿದದ್ದು ಎರಡು ಸಂಗತಿಗಳು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್‌ಚರ್, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲೂ ಆಳವಾದ ಮಂದ್ರ ಬರುವ ಎಆರ್-1 ಸ್ಪೀಕರನ್ನು ತಂದರು. ಬೀರುವಿನಷ್ಟು ದೊಡ್ಡ ಸ್ಪೀಕರುಗಳು ಪುಸ್ತಕದ ಶೆಲ್ಫಿಗೆ ಇಳಿಯುವ ದಾರಿ ತೆರೆಯಿತು. ಆದರೆ ಅದಕ್ಕೆ ತೆತ್ತ ಬೆಲೆ ದಕ್ಷತೆ. ಅದೇ ಹೊತ್ತಿಗೆ ಟ್ರಾನ್ಸಿಸ್ಟರ್ ಬೆಳೆದು ವ್ಯಾಟು ಅಗ್ಗವಾಯಿತು. ಸ್ಪೀಕರು ಎಷ್ಟು ನುಂಗಿದರೂ ಬಡಿಸುವವರಿದ್ದರು! ದೊಡ್ಡ ವ್ಯಾಟ್ ಎಂದರೆ ದೊಡ್ಡ ಗುಣ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದ.

ಮೂರರಲ್ಲಿ ಎರಡು

ಹಾಗಾದರೆ ಹಳೆಯದೇ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎನ್ನೋಣವೇ? ಹಾಗೇನೂ ಇಲ್ಲ. ಕೆಎಲ್‌ಎಚ್ ಎಂಬ ಅಮೆರಿಕನ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಹೇಳಿದ ಒಂದು ನಿಯಮಕ್ಕೆ ಈ ಕ್ಷೇತ್ರದಲ್ಲಿ ‘ಉಕ್ಕಿನ ಕಟ್ಟಳೆ’ ಎಂದೇ ಹೆಸರು. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚು ದಕ್ಷತೆ ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದು ಕೈತಪ್ಪುತ್ತದೆ. ವಿಲ್‌ಚರ್ ದಕ್ಷತೆಯನ್ನು ಬಿಟ್ಟರು. ವಾಯ್ಟ್ ಚಿಕ್ಕ ಪೆಟ್ಟಿಗೆಯನ್ನು ಬಿಟ್ಟ. ಅಜ್ಜನ ರೇಡಿಯೋ ಆಳವಾದ ಮಂದ್ರವನ್ನು ಬಿಟ್ಟಿತ್ತು. ಮೂರೂ ಇವೆ ಎನ್ನುವ ಜಾಹೀರಾತನ್ನು ಕಂಡರೆ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಲೇಸು.

ಒಂಟಿ ಕೋನಿಗೆ ಇನ್ನೂ ಕೆಲವು ಮಿತಿಗಳಿವೆ. ಅಷ್ಟೇ ಸದ್ದಿನಲ್ಲಿ ಆವೃತ್ತಿ ಅರ್ಧಕ್ಕೆ ಇಳಿದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಹಗುರ ಕೋನಿಗೆ ಅಷ್ಟು ಓಡಾಟ ಆಗದು. ಇತ್ತ ತೆಳು ಸ್ವರಗಳಲ್ಲಿ ಬೇರೊಂದು ತೊಂದರೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ 1700 ಹರ್ಟ್ಸ್‌ನ ಅಲೆಯ ಉದ್ದ 20 ಸೆಂಟಿಮೀಟರ್, ಹೆಚ್ಚುಕಡಿಮೆ 8 ಅಂಗುಲದ ಕೋನಿನಷ್ಟೇ. ಅದಕ್ಕೂ ಮೇಲಿನ ಸ್ವರಗಳು ಹರಡದೆ ಬ್ಯಾಟರಿಯ ಬೆಳಕಿನಂತೆ ನೇರಕ್ಕೆ ಹೋಗತೊಡಗುತ್ತವೆ. ಎದುರಿಗೆ ಕುಳಿತವರಿಗೆ ಹಬ್ಬ, ಪಕ್ಕಕ್ಕೆ ಕುಳಿತವರಿಗೆ ಮಂಕು.

ಇಷ್ಟಿದ್ದೂ ಜನ ಇದನ್ನು ಮೆಚ್ಚಲು ಕಾರಣ ಮನುಷ್ಯರ ದನಿ. ಎರಡು ಮೂರು ಕೋನಿನ ಪೆಟ್ಟಿಗೆಯಲ್ಲಿ ಸ್ವರಗಳನ್ನು ಪಾಲು ಹಾಕಿ ಹಂಚಲು ಕ್ರಾಸ್‌ಓವರ್ ಎಂಬ ಮಂಡಲ ಇರುತ್ತದೆ. ಅನೇಕ ಪೆಟ್ಟಿಗೆಗಳಲ್ಲಿ ಈ ಪಾಲುಪಟ್ಟಿ ಬೀಳುವುದು 2000ದಿಂದ 3000 ಹರ್ಟ್ಸ್ ಆಸುಪಾಸಿನಲ್ಲಿ. ಅಕ್ಷರಗಳ ಸ್ಪಷ್ಟತೆಯೂ ಕಿವಿಯ ಚುರುಕೂ ಹೆಚ್ಚಿರುವ ಜಾಗ ಅದೇ. ಒಂಟಿ ಕೋನಿನಲ್ಲಿ ಈ ಪಾಲಿಲ್ಲ. ಗಾಯನ, ವೀಣೆ, ಕೊಳಲು, ಪಿಟೀಲು, ಭಾಷಣ ಒಂದೇ ಬಿಂದುವಿನಿಂದ ಬಂದಂತೆ ಕೇಳುತ್ತವೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅಂಥವರ ಗಾಯನ ಕೇಳುವ ಮನೆಗೆ ಇದು ಒಪ್ಪುತ್ತದೆ. ಎದೆ ನಡುಗಿಸುವ ಸಿನಿಮಾ ಸದ್ದು ಬೇಕೆನ್ನುವವರಿಗೆ ಒಪ್ಪದು.

ಮೊದಲ ವ್ಯಾಟಿನ ಮಹಿಮೆ

ಇನ್ನು ಆಂಪ್ಲಿಫೈಯರಿನ ಕಡೆಗೆ ಬರೋಣ. ಕೇಳುವ ಹೊತ್ತಿನಲ್ಲಿ ಬಹುಪಾಲು ಒಂದು ವ್ಯಾಟಿಗಿಂತ ಕಡಿಮೆಯೇ ಖರ್ಚಾಗುವುದಾದರೆ, ನೂರನೆಯ ವ್ಯಾಟ್ ಹೇಗಿದೆ ಎಂಬುದಕ್ಕಿಂತ ಮೊದಲನೆಯದು ಹೇಗಿದೆ ಎಂಬುದೇ ಮುಖ್ಯ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತವೆ. ಹೊರೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುವಾಗ ಸಣ್ಣ ಎಡವಟ್ಟಾಗುತ್ತದೆ. ದೊಡ್ಡ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ಸಣ್ಣ ಸದ್ದಿನಲ್ಲಿ ಹೊರೆಯೇ ಸಣ್ಣದಾದ್ದರಿಂದ ಎಡವಟ್ಟು ಎದ್ದು ಕಾಣುತ್ತದೆ. ಚೆನ್ನಾಗಿ ವಿನ್ಯಾಸ ಮಾಡಿದ ಆಂಪ್ಲಿಫೈಯರಿನಲ್ಲಿ ಇದು ಕಿವಿಗೆ ತಿಳಿಯದಷ್ಟು ಕಡಿಮೆ ಇರುತ್ತದೆ. ಅಗ್ಗದ ಕಟ್ಟಣೆಯಲ್ಲಿ ತಿಳಿಯುತ್ತದೆ. ಅದರಲ್ಲೂ ಸೂಕ್ಷ್ಮವಾದ ಸ್ಪೀಕರ್ ಮುಂದಿದ್ದರೆ.

‘ಕ್ಲಾಸ್ ಎ’ ಎಂಬ ಬಗೆಯಲ್ಲಿ ಹೊರೆ ದಾಟಿಸುವ ಕೆಲಸವೇ ಇಲ್ಲ. ವಾಲ್ವ್ ಅಥವಾ ಟ್ರಾನ್ಸಿಸ್ಟರ್ ಸದಾಕಾಲ ಪೂರ್ತಿ ಎಚ್ಚರವಾಗಿರುತ್ತದೆ. ಆದರೆ ಹಾಡಿರಲಿ ಬಿಡಲಿ, ಅದು ವಿದ್ಯುತ್ತನ್ನು ಕುಡಿಯುತ್ತಲೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಜೋಡಿಸಿದ ಕ್ಲಾಸ್ ಎ ಮಂಡಲದ ದಕ್ಷತೆ ಸಿದ್ಧಾಂತದಲ್ಲೇ ಶೇ 50 ದಾಟದು; ವ್ಯವಹಾರದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಗೋಡೆಯಿಂದ 100 ವ್ಯಾಟ್ ಎಳೆಯುವ ವಾಲ್ವ್ ಆಂಪ್ಲಿಫೈಯರ್ ಹತ್ತು ಗಂಟೆ ಹಾಡಿದರೆ ಒಂದು ಯೂನಿಟ್ ವಿದ್ಯುತ್ ಖರ್ಚು. ಬಿಲ್ಲು ಕಟ್ಟುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಹಿಡಿತ ಬಿಗಿಯೋ, ಸಡಿಲವೋ?

ಸಾಲಾವಳಿಯ ಸೂಕ್ಷ್ಮ ಇರುವುದು ಇಲ್ಲಿ. ಉಯ್ಯಾಲೆಯನ್ನು ಒಮ್ಮೆ ನೂಕಿ ಬಿಟ್ಟರೆ ತನ್ನಷ್ಟಕ್ಕೆ ತೂಗುತ್ತಲೇ ಇರುತ್ತದೆ. ಸ್ಪೀಕರಿನ ಕೋನೂ ಹಾಗೆಯೇ; ತನಗೆ ಸಹಜವಾದ ಒಂದು ಆವೃತ್ತಿಯಲ್ಲಿ ತೂಗಲು ಸದಾ ಸಿದ್ಧ. ಅದನ್ನು ತಡೆಯುವ ಬ್ರೇಕು ಯಾವುದು? ಅಯಸ್ಕಾಂತದ ನಡುವೆ ಸುರುಳಿ ಚಲಿಸಿದಾಗ ಅದು ತಾನೇ ಒಂದು ಪುಟ್ಟ ಡೈನಮೊ ಆಗುತ್ತದೆ. ಹುಟ್ಟಿದ ವಿದ್ಯುತ್ತು ಆಂಪ್ಲಿಫೈಯರಿನ ಮೂಲಕ ಸುತ್ತಿ ಬಂದು ಚಲನೆಯನ್ನು ತಡೆಯುತ್ತದೆ. ಆಂಪ್ಲಿಫೈಯರಿನ ಒಳಗಿನ ರೋಧ ಕಡಿಮೆಯಿದ್ದಷ್ಟೂ ಬ್ರೇಕು ಬಿಗಿ, ಹೆಚ್ಚಿದ್ದಷ್ಟೂ ಸಡಿಲ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಈ ರೋಧ ಸಾಮಾನ್ಯವಾಗಿ 0.1 ಓಮ್ ಅಥವಾ ಇನ್ನೂ ಕಡಿಮೆ. ಫೀಡ್‌ಬ್ಯಾಕ್ ಇಲ್ಲದ ಒಂಟಿ ವಾಲ್ವಿನ ಆಂಪ್ಲಿಫೈಯರಿನಲ್ಲಿ 2-3 ಓಮ್ ಇರಬಹುದು. ಸ್ಪೀಕರಿನ ಸುರುಳಿ 7 ಓಮ್ ಇದೆ ಎನ್ನೋಣ. ಮೊದಲನೆಯದರಲ್ಲಿ ಬ್ರೇಕಿನ ದಾರಿಯ ಒಟ್ಟು ರೋಧ ಹೆಚ್ಚುಕಡಿಮೆ 7 ಓಮ್. ಎರಡನೆಯದರಲ್ಲಿ 10 ಓಮ್. ಬ್ರೇಕಿನ ಬಲ ಸುಮಾರು ಶೇ 30 ಇಳಿಯಿತು!

ಬ್ರೇಕು ಬಿಗಿಯಿದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ದೊಡ್ಡ ಅಯಸ್ಕಾಂತದ ಒಂಟಿ ಕೋನಿನ ವಿಷಯದಲ್ಲಿ ಹಾಗಲ್ಲ. ಅದರ ಬ್ರೇಕು ಹುಟ್ಟಿನಿಂದಲೇ ಅತಿ ಬಿಗಿ. ಮೇಲೆ ಟ್ರಾನ್ಸಿಸ್ಟರಿನ ಬಿಗಿಯೂ ಸೇರಿದರೆ ಮಂದ್ರ ಸ್ವರಗಳು ಬಡಕಲಾಗಿ, ಹಾಡು ಬರೇ ಗಂಟಲಿನಿಂದ ಬಂದಂತೆ ಕೇಳುತ್ತದೆ. ವಾಲ್ವ್ ಆಂಪ್ಲಿಫೈಯರಿಗೆ ಸೇರಿಸಿದಾಗ ಅದೇ ಸ್ಪೀಕರಿನ ಮಂದ್ರ ಮೈತುಂಬಿಕೊಳ್ಳುತ್ತದೆ. ತದ್ವಿರುದ್ಧವಾಗಿ, ಸಣ್ಣ ಅಯಸ್ಕಾಂತದ ಸ್ಪೀಕರಿನ ಬ್ರೇಕು ಮೊದಲೇ ಸಡಿಲ. ಅದಕ್ಕೆ ವಾಲ್ವಿನ ಸಡಿಲವೂ ಸೇರಿದರೆ ಮೃದಂಗದ ಪ್ರತಿ ಪೆಟ್ಟೂ ಖಾಲಿ ಡಬ್ಬ ಬಡಿದಂತೆ ಗುಂಯ್‌ಗುಡುತ್ತದೆ. ತಪ್ಪು ಆಂಪ್ಲಿಫೈಯರಿನದೂ ಅಲ್ಲ, ಸ್ಪೀಕರಿನದೂ ಅಲ್ಲ, ಜೋಡಿಯದು.

ಇನ್ನೂ ಒಂದು ಪರಿಣಾಮವಿದೆ. 8 ಓಮ್ ಎಂದು ಬರೆದ ಸ್ಪೀಕರಿನ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ 8 ಇರುವುದಿಲ್ಲ. ಕೋನಿನ ಸಹಜ ಆವೃತ್ತಿಯಲ್ಲಿ ಅದು 32 ಓಮ್ ಮುಟ್ಟಿತು ಎನ್ನೋಣ. ಒಳರೋಧ 3 ಓಮ್ ಇರುವ ಆಂಪ್ಲಿಫೈಯರಿನಿಂದ 8 ಓಮ್‌ಗೆ ತಲುಪುವುದು ವೋಲ್ಟೇಜಿನ ಹನ್ನೊಂದರಲ್ಲಿ ಎಂಟು ಪಾಲು, 32 ಓಮ್‌ಗೆ ಮೂವತ್ತೈದರಲ್ಲಿ ಮೂವತ್ತೆರಡು ಪಾಲು. ಲೆಕ್ಕ ಹಾಕಿದರೆ ಆ ಜಾಗದಲ್ಲಿ 2 ಡೆಸಿಬೆಲ್ ಉಬ್ಬು ಬರುತ್ತದೆ. ಒಳರೋಧ 0.1 ಓಮ್ ಇದ್ದರೆ ಈ ಉಬ್ಬು 0.1 ಡೆಸಿಬೆಲ್ಲಿಗೂ ಕಡಿಮೆ. ‘ವಾಲ್ವಿನ ಮಾಧುರ್ಯ’ ಎಂದು ಕೆಲವರು ಹೊಗಳುವುದರಲ್ಲಿ ಒಂದು ಪಾಲು ಮಂತ್ರವಲ್ಲ, ಓಮ್‌ನ ನಿಯಮ.

ಇದನ್ನು ಕೊನೆಯ ಮಿತಿಯವರೆಗೆ ಒಯ್ದು ನೋಡಿದವರು ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕಾರ ನೆಲ್ಸನ್ ಪಾಸ್. ದೊಡ್ಡ ಆಂಪ್ಲಿಫೈಯರುಗಳಿಗೆ ಹೆಸರಾದ ಅವರೇ ‘ಫಸ್ಟ್ ವ್ಯಾಟ್’ ಎಂಬ ಹೆಸರಿನಲ್ಲಿ ಸಣ್ಣ ಆಂಪ್ಲಿಫೈಯರುಗಳನ್ನೂ ಮಾಡಿದರು. ಅದರ ಮೊದಲನೆಯದಾದ ಎಫ್1ರಲ್ಲಿ ಬಳಸಿದ್ದು ಟ್ರಾನ್ಸಿಸ್ಟರುಗಳನ್ನೇ. ಆದರೆ ಅದು ವೋಲ್ಟೇಜನ್ನು ಸ್ಥಿರವಾಗಿಡುವ ಬದಲು, ಸ್ಪೀಕರಿನ ಇಂಪೀಡೆನ್ಸ್ ಏರಲಿ ಇಳಿಯಲಿ ಹರಿಯುವ ಕರೆಂಟನ್ನು ಸ್ಥಿರವಾಗಿಡುತ್ತದೆ. ಬ್ರೇಕು ಪೂರ್ತಿ ಬಿಟ್ಟಂತಾಯಿತು! ಮಂದ್ರವೂ ತಾರವೂ ಉಬ್ಬುತ್ತವೆ. ಆ ಉಬ್ಬನ್ನು ಸ್ಪೀಕರಿನ ಅಕ್ಕಪಕ್ಕ ಜೋಡಿಸಿದ ರೆಸಿಸ್ಟರ್, ಕೆಪಾಸಿಟರ್, ಕಾಯಿಲುಗಳಿಂದ ತಿದ್ದುವ ವಿಧಾನವನ್ನು ಪಾಸ್ 2004ರ ಲೇಖನವೊಂದರಲ್ಲಿ ವಿವರಿಸಿದರು. ಬೇಕಾದದ್ದು ವಾಲ್ವೇ ಅಲ್ಲ, ಸ್ಪೀಕರಿಗೆ ಒಪ್ಪುವ ಒಳರೋಧ ಎಂಬುದು ಇದರಿಂದ ಖಚಿತವಾಯಿತು.

ಸದ್ದಿಲ್ಲದಾಗಿನ ಸದ್ದು

ದಕ್ಷ ಸ್ಪೀಕರ್ ಹಾಡನ್ನಷ್ಟೇ ಅಲ್ಲ, ಆಂಪ್ಲಿಫೈಯರಿನ ಗೊರಕೆಯನ್ನೂ ದೊಡ್ಡದು ಮಾಡುತ್ತದೆ. ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಅದನ್ನು ಡಿ.ಸಿ. ಮಾಡುವಾಗ ಸೋಸುವುದು ಸಾಲದೆ ಹೋದರೆ 100 ಹರ್ಟ್ಸ್‌ನ ಗುಂಯ್ ಉಳಿಯುತ್ತದೆ. 84ರ ಸ್ಪೀಕರಿನಲ್ಲಿ ಕಿವಿಗೆ ಬೀಳದ ಗುಂಯ್, 96ರದರಲ್ಲಿ 12 ಡೆಸಿಬೆಲ್ ಮೇಲೆದ್ದು, ತಂಬೂರಿ ನಿಂತ ಮೇಲೂ ಶ್ರುತಿ ಹಿಡಿದಂತೆ ಕಾಡುತ್ತದೆ. ಕೊಳ್ಳುವ ಮುಂಚೆ ಹಾಡು ನಿಲ್ಲಿಸಿ, ಸ್ಪೀಕರಿಗೆ ಕಿವಿಯಿಟ್ಟು ಕೇಳಬೇಕು. ಬಹಳ ಜನ ಈ ಪರೀಕ್ಷೆಯನ್ನೇ ಮರೆಯುತ್ತಾರೆ.

ವಾಲ್ಯೂಮ್ ಗುಬುಟದ ಸಮಸ್ಯೆಯೂ ಇದೆ. ಸಿ.ಡಿ. ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್ ವರೆಗೆ ಕೊಡುತ್ತದೆ. 8 ಓಮ್‌ನಲ್ಲಿ 2 ವೋಲ್ಟ್ ಎಂದರೆ ಅರ್ಧ ವ್ಯಾಟ್. ಅದನ್ನು ಎರಡು ಪಟ್ಟು ಮಾಡಿದರೆ 4 ವೋಲ್ಟ್, ಅಂದರೆ 2 ವ್ಯಾಟ್. ಮೇಲೆ ಹೇಳಿದ ಕೋಣೆಗೆ ಅಷ್ಟೇ ಸಾಕು. ಸಾಮಾನ್ಯ ಆಂಪ್ಲಿಫೈಯರುಗಳಾದರೋ 20ರಿಂದ 30 ಪಟ್ಟು ಹಿಗ್ಗಿಸುತ್ತವೆ. ಗುಬುಟ ಕೂದಲೆಳೆಯಷ್ಟು ತಿರುಗಿದರೆ ಕಿವಿ ಕಿತ್ತುಹೋಗುವ ಸದ್ದು. ಹಿತವಾಗಿ ಕೇಳುವ ಜಾಗವೇ ಸಿಗದು. ಹಿಗ್ಗಿಸುವಿಕೆ ಕಡಿಮೆಯಿರುವ ಆಂಪ್ಲಿಫೈಯರ್ ಇಲ್ಲಿ ಕೀಳಲ್ಲ, ಮೇಲು.

ವಿದ್ಯಾರ್ಥಿಯ ಕೈಗೆಟುಕುವಷ್ಟು

ಇದನ್ನೆಲ್ಲ ಪರೀಕ್ಷಿಸಲು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಕೆಟ್ಟು ಮೂಲೆ ಸೇರಿದ ಹಳೆಯ ರೇಡಿಯೋದ ಕಾಗದದ ಕೋನ್ ಹರಿಯದೆ ಉಳಿದಿದ್ದರೆ ಅದೇ ಒಳ್ಳೆಯ ಆರಂಭ. ರೇಡಿಯೋವನ್ನು ಮಾತ್ರ ಗೊತ್ತಿರುವ ಮೆಕ್ಯಾನಿಕ್ಕಿನ ಕೈಯಲ್ಲೇ ಬಿಚ್ಚಿಸಬೇಕು. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿನ ಎರಡು ತಂತಿಗಳನ್ನು ಸ್ಪೀಕರಿಗೆ ಕ್ಷಣಮಾತ್ರ ತಾಗಿಸಿದಾಗ ‘ಟಪ್’ ಎಂದು ಕೋನ್ ಅಲುಗಿದರೆ ಸುರುಳಿ ಜೀವಂತವಾಗಿದೆ. ಮಲ್ಟಿಮೀಟರಿನಲ್ಲಿ ಅದರ ರೋಧ ಅಳೆದು ಬರೆದಿಡಬೇಕು. ಎರಡು ಅಡಿ, ಮೂರಡಿಯ ಪ್ಲೈವುಡ್ ಹಲಗೆಯಲ್ಲಿ, ನಟ್ಟನಡುವೆ ಅಲ್ಲದೆ ಒಂದು ಬದಿಗೆ ಸರಿದಂತೆ ದುಂಡಗೆ ಕೊರೆದು ಅದನ್ನು ಕೂರಿಸಬೇಕು. ಹಲಗೆಯಿಲ್ಲದಿದ್ದರೆ ಕೋನಿನ ಮುಂದಿನ ಅಲೆ, ಹಿಂದಿನ ಅಲೆ ಒಂದನ್ನೊಂದು ಕೊಂದುಕೊಂಡು ಮಂದ್ರವೇ ಮಾಯವಾಗುತ್ತದೆ. ಹಲಗೆ ಇಟ್ಟು, ತೆಗೆದು ಕೇಳಿದರೆ ಈ ಪಾಠ ಜನ್ಮದಲ್ಲಿ ಮರೆಯದು.

ಆಂಪ್ಲಿಫೈಯರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಸಿಗುವ ಚಿಪ್ ಬೋರ್ಡು ಸಾಕು. ಟಿಡಿಎ 2030 ಚಿಪ್ಪಿನದು ಹತ್ತಾರು ವ್ಯಾಟ್ ಕೊಡುತ್ತದೆ. ಈ ಕೆಲಸಕ್ಕೆ ಅದೇ ಹೆಚ್ಚು. ಅದನ್ನು ಒಳ್ಳೆಯ ಗುಣಮಟ್ಟದ 12 ವೋಲ್ಟ್ ಅಡಾಪ್ಟರಿನಿಂದ ನಡೆಸಿದರೆ ಶಾಕಿನ ಭಯವೂ ಇಲ್ಲ. ಮೊದಲು ಸ್ಪೀಕರನ್ನು ನೇರವಾಗಿ ಜೋಡಿಸಿ ಒಂದು ಹಾಡು ಕೇಳಬೇಕು. ಬಳಿಕ ಸ್ಪೀಕರಿನ ಒಂದು ತಂತಿಯ ನಡುವೆ 3 ಓಮ್ ಆಸುಪಾಸಿನ, 5 ವ್ಯಾಟ್ ತಡೆಯುವ ರೆಸಿಸ್ಟರ್ ಸೇರಿಸಿ ಅದೇ ಹಾಡು ಕೇಳಬೇಕು. ಕೆಲವೇ ರೂಪಾಯಿಗಳಲ್ಲಿ ವಾಲ್ವ್ ಆಂಪ್ಲಿಫೈಯರಿನ ಸಡಿಲ ಹಿಡಿತ ಕೈಗೆ ಬಂತು! ರೆಸಿಸ್ಟರ್ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ. ಹಾಗಾಗಿ ವಾಲ್ಯೂಮ್ ಏರಿಸಿ ಎರಡೂ ಸಲ ಸಮನಾಗಿ ಕೇಳುವಂತೆ ಮಾಡಿಕೊಂಡೇ ಹೋಲಿಸಬೇಕು. ಸ್ವಲ್ಪ ಜೋರಾಗಿರುವುದು ಕಿವಿಗೆ ಯಾವಾಗಲೂ ‘ಚೆನ್ನಾಗಿದೆ’ ಎನಿಸುತ್ತದೆ. ರೆಸಿಸ್ಟರ್ ಇದೆಯೋ ಇಲ್ಲವೋ ಎಂಬುದನ್ನು ತಂಗಿಯೋ ಗೆಳೆಯನೋ ಬದಲಾಯಿಸುತ್ತ, ಕೇಳುವವನಿಗೆ ಹೇಳದೆ ಇಟ್ಟು, ಹತ್ತು ಸಲ ಗುರುತಿಸಲು ಬಿಟ್ಟರೆ ಅದು ನಿಜವಾದ ಪ್ರಯೋಗವಾಯಿತು. ಎಷ್ಟು ಸಲ ಸರಿ ಹೇಳಿದ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಈ ಕ್ಷೇತ್ರದಲ್ಲಿ ಹಬ್ಬಿರುವ ದುಬಾರಿ ತಂತಿ, ದುಬಾರಿ ಕಲ್ಲುಗಳ ಪವಾಡದ ಮಾತನ್ನು ಒರೆಗೆ ಹಚ್ಚಲೂ ಇದೇ ವಿಧಾನ.

ಹೆತ್ತವರು ಗಟ್ಟಿಯಾಗಿ ನಿಲ್ಲಬೇಕಾದ ವಿಷಯಗಳು ಎರಡು. ಒಂದು, ವಾಲ್ವ್ ಆಂಪ್ಲಿಫೈಯರಿನ ಒಳಗೆ 300-400 ವೋಲ್ಟ್ ಡಿ.ಸಿ. ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಅದು ಪ್ರಾಣ ತೆಗೆಯಬಲ್ಲದು. ಬಲ್ಲವರು ಪಕ್ಕದಲ್ಲಿಲ್ಲದೆ ಮಕ್ಕಳು ಅದರ ಮುಚ್ಚಳ ತೆಗೆಯಕೂಡದು. ಎರಡು, ಕಿವಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯಾಶ್, ಕೆಲಸಗಾರರಿಗೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಯ ಮಿತಿ ಹಾಕಿದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಪ್ರತಿ 3ಕ್ಕೆ ಅರ್ಧ. ಮಕ್ಕಳ ಮಿತಿ ಇದಕ್ಕಿಂತ ಕೆಳಗೇ ಇರಬೇಕು. ದಕ್ಷ ಸ್ಪೀಕರ್ ಒಂದೇ ವ್ಯಾಟಿನಲ್ಲಿ ಈ ಗಡಿ ದಾಟಿಬಿಡುತ್ತದೆ. ‘ಬರೇ 2 ವ್ಯಾಟ್ ತಾನೆ’ ಎಂದು ಅಲಕ್ಷ್ಯ ಮಾಡುವಂತಿಲ್ಲ. ಸುಟ್ಟ ಸ್ಪೀಕರಿಗೆ ಹೊಸ ಸುರುಳಿ ಕಟ್ಟಿಸಬಹುದು. ಕೆಟ್ಟ ಒಳಗಿವಿಗೆ ಕಟ್ಟಿಸಲಾಗದು.

ಇಷ್ಟು ತಿಳಿದ ಮೇಲೆ ಅಂಗಡಿಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಈ ಸ್ಪೀಕರಿನ ಸೆನ್ಸಿಟಿವಿಟಿ ಎಷ್ಟು ಡೆಸಿಬೆಲ್? ಕೋಣೆ ಎಷ್ಟು ದೊಡ್ಡದು, ಕೂರುವುದು ಎಷ್ಟು ದೂರ? ಆಂಪ್ಲಿಫೈಯರಿನ ಒಳರೋಧ ಇದರ ಅಯಸ್ಕಾಂತಕ್ಕೆ ಒಪ್ಪುತ್ತದೆಯೇ? ಹಾಡು ನಿಂತಾಗ ಸ್ಪೀಕರ್ ಮೌನವಾಗಿದೆಯೇ? ವ್ಯಾಟಿನ ಪ್ರಶ್ನೆ ಇವೆಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಉತ್ತರ ತಾನಾಗಿಯೇ ಸಿಕ್ಕಿರುತ್ತದೆ. ಗುಣಾಕಾರ ಬಲ್ಲ ಮಗನೋ ಮಗಳೋ ಜೊತೆಗಿದ್ದರೆ ಕಾಗದದ ಮೇಲೆ ಲೆಕ್ಕ ಹಾಕಿ ಅಪ್ಪನ ಹಣ ಉಳಿಸಬಲ್ಲರು. ಪರೀಕ್ಷೆಗೆಂದು ಓದಿದ ಭೌತಶಾಸ್ತ್ರ ಮನೆಗೆ ಇಷ್ಟಾದರೂ ಉಪಕಾರ ಮಾಡಬೇಡವೇ?